ಕರೆಂಟ್ ಇಲ್ಲದ ಭಾನುವಾರ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವಕ್ಕೆ ಕೈ ಹೋಗಲಿಲ್ಲ. ಬರೆದವರು ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ.

ವಿಷಯ ಇಷ್ಟು. ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಆಡುವುದು ನಾಲ್ಕೈದು ಪದ. ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಥೆರಪಿಗೆ ಕರೆದುಕೊಂಡು ಬರುತ್ತಾರೆ. ಚರ್ಚಿನಲ್ಲಿ ಪೂಜೆ ಶುರುವಾಗಿ ಹತ್ತು ನಿಮಿಷಕ್ಕೆ ಅವನು ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಇಲ್ಲವೇ ಬೆಂಚಿನ ಕೆಳಗೆ ನೆಲಕ್ಕೆ ಕೆನ್ನೆ ಒತ್ತಿ ಮಲಗಿಬಿಡುತ್ತಾನೆ. ಎದುರಿನ ಬೆಂಚಿನ ರಿಟೈರ್ಡ್ ಟೀಚರಮ್ಮ ತಿರುಗಿ ತಿರುಗಿ ನೋಡುತ್ತಾರೆ. ನಾದಿನಿ, "ಅತ್ತಿಗೆ, ಅವನದ್ದು ಬರೀ ಹಠ. ಅಜ್ಜಿ ಹತ್ರ ಬಿಟ್ಟು ಬನ್ನಿ" ಅಂದಿದ್ದಾಳೆ. ಅವನ ಓರಗೆಯ ಮಕ್ಕಳೆಲ್ಲ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರ ಅಂತ ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸಲು, ತಯಾರಾಗುತ್ತಿದ್ದಾರೆ. ಪ್ರಾರ್ಥನೆ ಬಾಯಿಪಾಠ ಒಪ್ಪಿಸಲು ಬರುವುದಿಲ್ಲ ಅಂತ ಇವನ ಹೆಸರು ಸೇರಿಸಿಲ್ಲ. ನಾಲ್ಕು ತಿಂಗಳಿಂದ ಅಮ್ಮ, ಮಗ ಇಬ್ಬರೂ ಭಾನುವಾರ ಮನೆಯಲ್ಲೇ. "ಅವನನ್ನು ಬಿಟ್ಟು ನಾನೊಬ್ಬಳೇ ಹೋಗಲಾ, ಇಲ್ಲ ನಾನೂ ಬಿಟ್ಟುಬಿಡಲಾ?"

ಎರಡೂ ಬೇಡ ತಂಗಿ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ. "ಪುನರ್ವಸು ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರಲಿಲ್ಲ, ಆ ಭಾನುವಾರ ಮಾತ್ರ ದೇವರ ದಯೆಯಿಂದ ಕೊನೇವರೆಗೂ ಸುಮ್ನೆ ಕೂತಿದ್ದ." ಇಷ್ಟು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಹೋಗಲು ಆಗಲಿಲ್ಲ. ದೇವರ ದಯೆ ಇದ್ದೇ ಇರಲಿ. ಅವತ್ತು ಮೈಕೂ ಇರಲಿಲ್ಲ, ಅಲ್ವಾ?

ಮೈಕ್ ಅಂದರೆ ಇವಳಿಗೆ ಮೈಮೇಲೆ ಬರುತ್ತದೆ ಅಂತ ಹಳೇ ಓದುಗರು ನಗುತ್ತಾರೆ. ನಗಲಿ. ಗಣಪತಿ ಪೆಂಡಾಲಿನ ಮೈಕಿಗೆ ಬೈದಿದ್ದೇನೆ, ಮದುವೆ ಮನೆಯದಕ್ಕೂ ಬೈದಿದ್ದೇನೆ. ಚರ್ಚಿಗೆ ಯಾಕೆ ರಿಯಾಯಿತಿ? ಅರವತ್ತು ಜನ ಕೂರುವ ಹೆಂಚಿನ ಮಾಡಿನ ಚರ್ಚಂತೆ. ಅದಕ್ಕೆ ಎದೆಯೆತ್ತರದ ಎರಡು ಬಾಕ್ಸ್! ಫಾದರ್ ಒಂಚೂರು ಗಂಟಲು ಬಿಟ್ಟರೆ ಬಾಗಿಲಾಚೆಗೂ ಕೇಳಿಸುತ್ತದೆ.

ಫ್ಯಾನಿನ ಗರಗರ, ಯಾರದೋ ಕೆಮ್ಮು, ಹೊರಗೆ ಹೋಗುವ ಬೈಕು, ಇವನ್ನೆಲ್ಲ ನಮ್ಮ ಕಿವಿ ತಾನಾಗಿಯೇ ಪಕ್ಕಕ್ಕೆ ಸರಿಸುತ್ತದೆ. ಆಟಿಸಂ ಇರುವ ಎಷ್ಟೋ ಜನಕ್ಕೆ ಹಾಗೆ ಸರಿಸಲು ಬರುವುದಿಲ್ಲ, ಎಲ್ಲ ಸದ್ದೂ ಒಟ್ಟಿಗೆ ನುಗ್ಗುತ್ತವೆ. ವೈದ್ಯರು 2013ರಿಂದ ಬಳಸುವ ಡಿಎಸ್‌ಎಂ-5 ಕೈಪಿಡಿ ಇದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಆಟಿಸಂ ಇದೆ, ಹಠ ಇಲ್ಲ. ನಾದಿನಿಗೆ ತಿಳಿಸಿ.

ಹಾಗಾದರೆ ಪುನರ್ವಸು ಮಳೆ ಏನು ಕಡಿಮೆ ಸದ್ದು ಮಾಡುತ್ತದಾ ಅಂತ ಕೇಳಬಹುದು. ಹೆಂಚಿನ ಮೇಲೆ ಅದು ಹೊಡೆದರೆ ಪಕ್ಕದವರ ಮಾತೂ ಕೇಳುವುದಿಲ್ಲ, ನಿಜ. ಆದರೆ ಮಳೆ ಒಂದೇ ಸಮ ಸುರಿಯುತ್ತದೆ. ಮಲೆನಾಡಿನ ಹುಡುಗ, ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಕೇಳಿದ ಸದ್ದು. ಮೈಕ್ ಹಾಗಲ್ಲ. ಮೊದಲು "ಟಪ್ ಟಪ್, ಹಲೋ". ನಡುವೆ ಎಲ್ಲೋ "ಕುಂಯ್". ಪ್ರಸಂಗ ಮೆಲ್ಲಗೆ ಮುಗಿಯುತ್ತಿದೆ ಅನ್ನುವಾಗ ದಡಕ್ಕನೆ ಕೀಬೋರ್ಡು. ಯಾವ ಗಳಿಗೆಯಲ್ಲಿ ಬರುತ್ತದೋ ಗೊತ್ತಿಲ್ಲದ ಸದ್ದಿಗೆ ಆ ಮಗು ಒಂದು ಗಂಟೆ ಹೆದರಿಕೊಂಡೇ ಕೂರಬೇಕು.

ಟೀಚರಮ್ಮನಿಗೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ. ನನಗೆ ಅವರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಜೀವಮಾನವೆಲ್ಲ ಕ್ಲಾಸಿನಲ್ಲಿ ಸದ್ದಾದ ಕಡೆ ತಿರುಗಿ ತಿರುಗಿ ಅಭ್ಯಾಸವಾದ ಕತ್ತು ಅದು. ಅವರಿಗೆ ವ್ಯಾಟಿಕನ್ನಿನ ಸುದ್ದಿ ಹೇಳಿ. 2018ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರ ಸಭೆ ನಡೆಯುತ್ತಿದ್ದಾಗ ಮಾತು ಬಾರದ ಪುಟ್ಟ ಹುಡುಗನೊಬ್ಬ ವೇದಿಕೆಗೇ ಓಡಿಬಂದು ಕಾವಲುಗಾರನ ಕೈ ಹಿಡಿದು ಎಳೆದ. ಅಮ್ಮ ಕರೆದೊಯ್ಯಲು ಬಂದರೆ ಪೋಪ್, ಅವನಿಗೆ ಆಡಬೇಕು ಅನಿಸಿದರೆ ಆಡಲಿ ಬಿಡಿ ಅಂದರು. ವೇದಿಕೆ ಮೇಲೆಯೇ ಆಡಿದ.

ನನ್ನ ಸಿಟ್ಟು ಇನ್ನೊಬ್ಬರ ಮೇಲೆ. ಐದು ಪುಟದ ಪತ್ರದಲ್ಲಿ ಅವರು ಬರುವುದು ಒಂದೇ ಕಡೆ. "ನಮ್ಮ ಯಜಮಾನರು ಮೈಕ್ ಸೆಟ್ ನೋಡಿಕೊಳ್ಳುವುದರಿಂದ ನಮ್ಮ ಜೊತೆ ಕೂರಲು ಆಗುವುದಿಲ್ಲ." ಈ ಸಾಲನ್ನು ಮೂರು ಸಲ ಓದಿದೆ. ನೀವು ಮಗನನ್ನು ಎಳೆದುಕೊಂಡು ಹೊರಗೆ ಓಡುವಾಗ ವಾಲ್ಯೂಮ್ ಗುಂಡಿಯ ಮೇಲೆ ಬೆರಳಿಟ್ಟು ನಿಂತಿರುವವರು ಅವನ ಅಪ್ಪ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದರಂತೆ. ನೀವು ಶಿವಮೊಗ್ಗದವರೆಗೂ ತಿರುಗಿದಿರಿ. ಅವರಿಗೆ ತಮ್ಮ ಕೈಯಲ್ಲಿರುವುದು ಬೆಣ್ಣೆ ಅಂತಲೇ ಗೊತ್ತಾಗಿಲ್ಲ. ಮಗ ಕಿವಿ ಮುಚ್ಚಿಕೊಳ್ಳುವುದನ್ನು ಎಷ್ಟು ಭಾನುವಾರ ನೋಡಿರಬೇಕು? ಹೆಂಡತಿ ಮನೆಯಲ್ಲಿ ಉಳಿದು ನಾಲ್ಕು ತಿಂಗಳಾದರೂ "ಹಲೋ, ಚೆಕ್" ನಡೆದೇ ಇದೆ.

ನೆಲದ ಮೇಲೆ ಮಲಗುತ್ತಾನೆ ಅಂತ ನಾಚಿಕೆ ಪಟ್ಟುಕೊಂಡಿದ್ದೀರಿ. ನನಗೆ ಪರಿಚಯದ ಹಿರಿಯ ಫಾದರ್ ಒಬ್ಬರನ್ನು ಕೇಳಿದೆ, ನಕ್ಕುಬಿಟ್ಟರು. ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಬದಲಾವಣೆಗಳಿಗೆ 1969ರಲ್ಲೇ ರೋಮ್ ಒಪ್ಪಿಗೆ ಕೊಟ್ಟಿದೆಯಂತೆ. ಪೂಜೆಗೆ ನೆಲದ ಮೇಲೆ ಕೂರಬಹುದು, ಚಪ್ಪಲಿ ಬಿಡಬಹುದು, ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ಕೈ ಜೋಡಿಸಿ ನಮಸ್ಕಾರ ಮಾಡಬಹುದು. ಮುಟ್ಟಿದರೆ ಬೆಚ್ಚುವ ಹುಡುಗನಿಗೆ ಕೈ ಕುಲುಕುವುದಕ್ಕಿಂತ ಇದು ಎಷ್ಟೋ ವಾಸಿ. ಮಲಗುವುದು ಆ ಹನ್ನೆರಡರಲ್ಲಿ ಇಲ್ಲ, ಒಪ್ಪಿದೆ. ಒಂದು ಚಾಪೆ ತೆಗೆದುಕೊಂಡು ಹೋಗಿ. ಕೂತರೆ ಕೂತ, ಮಲಗಿದರೆ ಮಲಗಿದ.

ಪರಮಪ್ರಸಾದದ ಮಾತು. ಮನೆಯಲ್ಲಿ ಅವನು ಸ್ಟೀಲ್ ಲೋಟಕ್ಕೆ ಚಮಚದಿಂದ ಮೂರು ಸಲ ಬಡಿದು, ಅಕ್ಕಿರೊಟ್ಟಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ತಲೆ ಬಗ್ಗಿಸುತ್ತಾನೆ ಅಂತ ಬರೆದಿದ್ದೀರಿ, ಅದೂ "ತುಂಬಾ ತುಂಟ" ಅಂತ ಸೇರಿಸಿ. ಇದು ತುಂಟತನವಾ? ಪೂಜೆಯಲ್ಲಿ ಗಂಟೆ ಬಾರಿಸುವುದನ್ನು, ಫಾದರ್ ರೊಟ್ಟಿ ಮೇಲೆತ್ತುವುದನ್ನೇ ಅಲ್ವಾ ಅವನು ಮಾಡುತ್ತಿರುವುದು? ಪರಮಪ್ರಸಾದಕ್ಕೆ ಸುಮಾರು ಏಳು ವರ್ಷ ಸಾಕು ಅಂತ ಪೋಪ್ ಹತ್ತನೇ ಪಿಯುಸ್ 1910ರಲ್ಲಿ ಹೇಳಿದಾಗ ಮುಖ್ಯವಾಗಿ ಕೇಳಿದ್ದು, ಮಾಮೂಲಿ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಮಗುವಿಗೆ ಗೊತ್ತಾ ಅಂತ. ಆ ಅರಿವನ್ನು ಮಾತಿನಲ್ಲೇ ತೋರಿಸಬೇಕಿಲ್ಲ, ಹಾವಭಾವ ಸಾಕು, ಭಕ್ತಿಯಿಂದ ಸುಮ್ಮನಿದ್ದರೂ ಸಾಕು, ಅನುಮಾನ ಬಂದರೆ ಕೊಡುವ ಕಡೆಗೇ ವಾಲಿ ಅಂತ ಅಮೆರಿಕದ ಬಿಷಪ್ಪರು 1995ರಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿಯದು ತೀರ್ಥಹಳ್ಳಿಗೆ ಕಟ್ಟಳೆ ಅಲ್ಲ, ಆದರೂ ನಿಮ್ಮ ಫಾದರ್ ಓದಲಿ. ಲೋಟ ಬಡಿಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಅವಸರ ಬೇಡ, ಅದು ಮುಂದಿನ ತಿಂಗಳ ಕೆಲಸ.

ಈ ವಾರದ್ದು ಒಂದೇ. ಭಾನುವಾರ ಆ ಬಾಕ್ಸ್ ಹಚ್ಚಬಾರದು. ಶನಿವಾರವೇ ಹೋಗಿ ಫಾದರನ್ನು ಒಪ್ಪಿಸುವುದು ಯಜಮಾನರ ಕೆಲಸ, ನಿಮ್ಮದಲ್ಲ. ಕಿವಿ ಮಂದವಾದ ಹಿರಿಯರು ಮುಂದೆ ಬಂದು ಕೂರಲಿ. ಮೊದಲ ಸಾಲು ಹೇಗೂ ಖಾಲಿ ಇರುತ್ತದೆ. ಕೈಗೆ ಬೇರೆ ಕೆಲಸ ಇಲ್ಲದ ಯಜಮಾನರು ಚಾಪೆ ಹಾಸಿಕೊಂಡು ಮಗನ ಪಕ್ಕ ಕೂರಲಿ. ಅವನು ಎದ್ದು ಹೊರಗೆ ಓಡಿದರೆ ಹಿಂದೆ ಹೋಗುವವರೂ ಅವರೇ. ನೀವು ಏಳಬೇಡಿ. ಪೂಜೆ ಮುಗಿಯುವವರೆಗೂ ಕೂತಿರಿ.

ಏನಾಯಿತು ಅಂತ ನನಗೆ ತಿಳಿಯಬೇಕು. ಈ ಸಲ ಪತ್ರ ಅವರೇ ಬರೆಯಲಿ.