ಆ ಶಿಲುಬೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ನೋಡಿ

"ದಸ್ತಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಒಂದು ಸಲ ಓದಿದೆ. ಶಿಲುಬೆ, ಲಾಜರ ಅಂತೆಲ್ಲ ಬಂದ ಕಡೆ ಏನೋ ಕೈತಪ್ಪಿತು ಅನ್ನಿಸಿತು. ನಾನು ಕ್ರೈಸ್ತನಲ್ಲ. ಮತ್ತೆ ಓದುವ ಮೊದಲು ಬೈಬಲ್ ಓದಬೇಕಾ?" ಅಂತ ಕೇಳಿದ್ದೀರಿ.

ಇಡೀ ಬೈಬಲ್ ಬೇಡ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಒಂದನ್ನು ಓದಿ. ಹತ್ತು ನಿಮಿಷ ಸಾಕು. ನಾನೂ ಕ್ರೈಸ್ತನಲ್ಲ. ಕಾಲೇಜಿನಲ್ಲಿದ್ದಾಗ, ಕಾದಂಬರಿಯ ಬಡ ಹುಡುಗಿ ಸೋನ್ಯಾ ಲಾಜರನ ಕಥೆ ಓದುವ ಪುಟಗಳನ್ನು ಹಾರಿಸಿಬಿಟ್ಟಿದ್ದೆ. ಕೊಲೆಗಾರ ಸಿಕ್ಕಿಬೀಳುತ್ತಾನಾ ಇಲ್ವಾ ಅನ್ನುವುದಷ್ಟೇ ಆಗ ಬೇಕಿತ್ತು. ಎಷ್ಟೋ ವರ್ಷದ ಮೇಲೆ ಕನ್ನಡ ಬೈಬಲಿನಲ್ಲಿ ಆ ಅಧ್ಯಾಯ ಓದಿ, ಮತ್ತೆ ಕಾದಂಬರಿ ಹಿಡಿದೆ. ಬೇರೆಯದೇ ಪುಸ್ತಕ ಓದಿದ ಹಾಗಾಯಿತು.

ಕಥೆ ಇಷ್ಟು. ಲಾಜರ ಸತ್ತು ನಾಲ್ಕು ದಿನವಾಗಿದೆ. ಗವಿಯ ಬಾಯಿಗೆ ಕಲ್ಲು ಮುಚ್ಚಿದ್ದಾರೆ. ಕಲ್ಲು ತೆಗೆಯಿರಿ ಅಂತ ಯೇಸು ಹೇಳಿದರೆ, ಸತ್ತವನ ಸಹೋದರಿ ಮಾರ್ಥಳೇ ತಡೆಯುತ್ತಾಳೆ. ಆಗಲೇ ನಾತ ಬರುತ್ತಿರಬೇಕು, ನಾಲ್ಕು ದಿನವಾಯಿತು ಅನ್ನುತ್ತಾಳೆ. ಯೇಸು "ಲಾಜರನೇ, ಹೊರಗೆ ಬಾ" ಅಂತ ಕೂಗುತ್ತಾನೆ. ಸತ್ತವನು ಎದ್ದು ಬರುತ್ತಾನೆ. ಕಾದಂಬರಿಯಲ್ಲಿ ಸೋನ್ಯಾ ಇದನ್ನು ಓದುವಾಗ 'ನಾಲ್ಕು' ಅನ್ನುವ ಮಾತನ್ನು ಒತ್ತಿ ಓದುತ್ತಾಳೆ. ಎದುರಿಗೆ ಕೂತಿರುವ ಕೊಲೆಗಾರ ರಸ್ಕೋಲ್ನಿಕೊವ್ ಬದುಕಿದ್ದೂ ಸತ್ತವನು. ಅವನ ಕೋಣೆಯನ್ನು ನೋಡಿ ತಾಯಿಯೇ ಶವಪೆಟ್ಟಿಗೆ ಇದ್ದ ಹಾಗಿದೆ ಅನ್ನುತ್ತಾಳೆ, ನೆನಪಿದೆಯಾ?

ಆದರೆ ಇದಕ್ಕೆ ಇದು ಅರ್ಥ, ಅದಕ್ಕೆ ಅದು ಅರ್ಥ ಅಂತ ಪಟ್ಟಿ ಮಾಡಿಕೊಂಡು ಓದಬೇಡಿ. ನನಗೆ ದಾರಿ ತೋರಿಸಿದ್ದು ಬೇರೆ ಒಂದು ಪ್ರಶ್ನೆ. ಈ ವಸ್ತು ಯಾರದು? ಯಾರು ಯಾರಿಗೆ ಕೊಟ್ಟರು?

ಶಿಲುಬೆಯನ್ನೇ ನೋಡಿ. ಆಗಿನ ರಷ್ಯಾದಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಮಗುವಿನ ಕೊರಳಿಗೆ ಶಿಲುಬೆ ಹಾಕುತ್ತಿದ್ದರು. ಇಬ್ಬರು ತಮ್ಮ ಶಿಲುಬೆಗಳನ್ನು ಅದಲುಬದಲು ಮಾಡಿಕೊಂಡರೆ ಒಡಹುಟ್ಟಿದವರ ಹಾಗೆ ಅಂತ ಲೆಕ್ಕ. ಈಗ ಕೊಲೆಯ ದೃಶ್ಯಕ್ಕೆ ಹೋಗಿ. ರಸ್ಕೋಲ್ನಿಕೊವ್ ತಾನು ಕೊಂದ, ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿದ್ದ ಮುದುಕಿಯ ಕೊರಳಿನ ದಾರ ಕತ್ತರಿಸುತ್ತಾನೆ. ಅದರಲ್ಲಿ ಹಣದ ಚೀಲದ ಜೊತೆ ಎರಡು ಶಿಲುಬೆ ಇವೆ. ಒಂದು ಸೈಪ್ರೆಸ್ ಮರದ್ದು, ಒಂದು ತಾಮ್ರದ್ದು. ಚೀಲ ಜೇಬಿಗೆ ಹಾಕಿಕೊಂಡು ಶಿಲುಬೆಗಳನ್ನು ಹೆಣದ ಎದೆಯ ಮೇಲೆ ಎಸೆಯುತ್ತಾನೆ. ಮುಂದೆ ಸೋನ್ಯಾ ಅವನ ಮುಂದೆ ಹಿಡಿಯುವುದು ಏನನ್ನು? ಸೈಪ್ರೆಸ್ ಮರದ ಶಿಲುಬೆಯನ್ನು. ತನಗೆ ಅವಳು ಇಟ್ಟುಕೊಳ್ಳುವುದು ತಾಮ್ರದ್ದು. ಅದು ಲಿಜವೆತಾಳದ್ದು. ಕೊಡಲಿಗೆ ಸಿಕ್ಕಿ ಸತ್ತಳಲ್ಲ, ಮುದುಕಿಯ ತಂಗಿ, ಆ ಬಡಪಾಯಿ. ಅವಳು ತನ್ನ ಶಿಲುಬೆಯನ್ನು ಸೋನ್ಯಾಗೆ ಕೊಟ್ಟು, ಸೋನ್ಯಾಳ ಪುಟ್ಟ ದೇವರ ಪಟವನ್ನು ತೆಗೆದುಕೊಂಡಿದ್ದಳು. ಅಂದರೆ ಅವನು ಕೊಂದದ್ದು ಸೋನ್ಯಾಳ ಅಕ್ಕತಂಗಿಯಂಥವಳನ್ನು. ಎಸೆದು ಹೋದದ್ದೇ ಅವನನ್ನು ಹುಡುಕಿಕೊಂಡು ಬರುತ್ತದೆ. ಅವನು ಕೈ ಚಾಚಿ, ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಈಗ ಬೇಡ, ಆಮೇಲೆ ಅನ್ನುತ್ತಾನೆ. ತಪ್ಪೊಪ್ಪಿಕೊಳ್ಳಲು ಹೊರಟ ದಿನವೇ ಅದು ಅವನ ಕೊರಳಿಗೆ ಬೀಳುವುದು.

ಸೋನ್ಯಾ ಓದುವ ಪುಸ್ತಕದ್ದೂ, ಅಂದರೆ ಯೇಸುವಿನ ಕಥೆಯಿರುವ ಬೈಬಲಿನ ಭಾಗ ಹೊಸ ಒಡಂಬಡಿಕೆಯದ್ದೂ, ಇದೇ ಕಥೆ. ಎಲ್ಲಿ ಸಿಕ್ಕಿತು ಅಂತ ಅವನು ಕೇಳುತ್ತಾನೆ. ಲಿಜವೆತಾ ತಂದುಕೊಟ್ಟಳು ಅನ್ನುತ್ತಾಳೆ ಸೋನ್ಯಾ. ತಾನು ಕೊಂದವಳು ಕೊಟ್ಟ ಪುಸ್ತಕದಿಂದ, ಸತ್ತವನೊಬ್ಬ ಎದ್ದು ಬಂದ ಕಥೆಯನ್ನು ಅವನು ಕೇಳುತ್ತಿದ್ದಾನೆ. ಈ ಜಾಗಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 1866ರಲ್ಲಿ ಕಾದಂಬರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದಾಗ ಸಂಪಾದಕರು ಇದೇ ಅಧ್ಯಾಯಕ್ಕೆ ತಕರಾರು ತೆಗೆದರು. ಮೈ ಮಾರಿಕೊಂಡು ಬದುಕುವ ಹುಡುಗಿಯ ಬಾಯಲ್ಲಿ ಸುವಾರ್ತೆಯೇ ಅನ್ನುವುದು ಅವರ ಚಿಂತೆ. ದಸ್ತಯೆವ್‌ಸ್ಕಿ ಅದನ್ನು ತಿದ್ದಿ ಬರೆಯಬೇಕಾಯಿತು.

ಮಾತಿನೊಳಗೂ ಕೆಲವು ಸುಳಿವು ಅಡಗಿವೆ. ರಸ್ಕೋಲ್ನಿಕೊವ್ ಹೆಸರಿನಲ್ಲಿರುವ 'ರಸ್ಕೋಲ್' ಅಂದರೆ ಒಡಕು. 17ನೇ ಶತಮಾನದಲ್ಲಿ ರಷ್ಯಾದ ಚರ್ಚ್ ಒಡೆದು ಎರಡಾದದ್ದಕ್ಕೂ ಅದೇ ಹೆಸರು. 'ಕ್ರೆಸ್ತ್' ಅಂದರೆ ಶಿಲುಬೆ, 'ಪೆರೆಕ್ರೆಸ್ತೊಕ್' ಅಂದರೆ ನಾಲ್ಕು ದಾರಿ ಕೂಡುವ ಜಾಗ. ಸೋನ್ಯಾ ಅವನನ್ನು ಕಳಿಸುವುದು ಅಲ್ಲಿಗೇ. ನೀನು ಮೈಲಿಗೆ ಮಾಡಿದ ನೆಲಕ್ಕೆ ಮುತ್ತಿಡು, ನಾಲ್ಕೂ ದಿಕ್ಕಿಗೆ ನಮಸ್ಕರಿಸಿ ನಾನು ಕೊಲೆಗಾರ ಅಂತ ಹೇಳು ಅನ್ನುತ್ತಾಳೆ. ಅವನು ಹುಲ್ಲು ಸಂತೆಯ ನಡುವೆ ನೆಲಕ್ಕೆ ಬಗ್ಗಿದಾಗ ಜನ ನಗುತ್ತಾರೆ. ಇವನು ಜೆರುಸಲೇಮಿಗೆ ಹೊರಟಿದ್ದಾನೆ ಅಂತ ಒಬ್ಬ ಕುಡುಕ ಗೇಲಿ ಮಾಡುತ್ತಾನೆ. ಆ ಗೇಲಿಯೇ ನಿಜ ಅಂತ ನನಗೆ ಅನ್ನಿಸುತ್ತದೆ.

ಕೊನೆಯ ಭಾಗವನ್ನು ಸುಮ್ನೆ ಅಂಟಿಸಿದ್ದಾರೆ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಪುಸ್ತಕದ ಬೆನ್ನು ಹತ್ತಿ ಹೋದ ಮೇಲೆ ಹಾಗೆ ಹೇಳಲು ಆಗಲಿಲ್ಲ. ಸೈಬೀರಿಯಾದ ಸೆರೆಮನೆಯಲ್ಲಿ ರಸ್ಕೋಲ್ನಿಕೊವ್, ಯೇಸು ಸತ್ತು ಎದ್ದದ್ದರ ಹಬ್ಬವಾದ ಈಸ್ಟರ್ ಹೊತ್ತಿಗೆ ಕಾಯಿಲೆ ಬಿದ್ದು ಮಲಗಿರುತ್ತಾನೆ. ಚೇತರಿಸಿಕೊಂಡು ಸೋನ್ಯಾಳ ಕಾಲಿಗೆ ಬೀಳುವುದು ಈಸ್ಟರ್ ಕಳೆದ ಮೇಲೆ. ಆ ರಾತ್ರಿ ಅವನ ದಿಂಬಿನ ಕೆಳಗೆ ಲಿಜವೆತಾ ಕೊಟ್ಟಿದ್ದ ಅದೇ ಪುಸ್ತಕ ಇದೆ.

ಇದು ಲೇಖಕನದೇ ಬದುಕು. 1850ರಲ್ಲಿ ಸೆರೆಮನೆಗೆ ಹೋಗುವ ದಾರಿಯಲ್ಲಿ, ತೊಬೋಲ್ಸ್ಕ್ ಊರಿನಲ್ಲಿ, ಗಡೀಪಾರಾಗಿದ್ದ ದಂಗೆಕೋರರ ಹೆಂಡತಿಯರು ದಸ್ತಯೆವ್‌ಸ್ಕಿಗೆ ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟರು. ನಾಲ್ಕು ವರ್ಷ ಅದು ಓಮ್ಸ್ಕ್ ಸೆರೆಮನೆಯಲ್ಲಿ ಅವನ ದಿಂಬಿನ ಕೆಳಗಿತ್ತು. 1881ರಲ್ಲಿ ಸಾಯುವ ದಿನವೂ ಅದನ್ನೇ ತೆರೆದು ಹೆಂಡತಿಯಿಂದ ಓದಿಸಿಕೊಂಡ.

ಈ ಸಲ ಓದುವಾಗ ಕೊನೆಯ ಪುಟ ನಿಧಾನವಾಗಿ ಓದಿ. ರಸ್ಕೋಲ್ನಿಕೊವ್ ಆ ಪುಸ್ತಕವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಆಗಲೂ ತೆರೆಯುವುದಿಲ್ಲ.