ಮಗಳ ಪ್ರಾಜೆಕ್ಟ್‌ಗೆ ‘ರಿಂಗಾ ರಿಂಗಾ ರೋಸಸ್’ ಪ್ಲೇಗ್ ಹಾಡು ಅಂತ ಬರೆಸಬಹುದಾ?

ನಿಮಗೆ ಸಿಕ್ಕಿರುವುದು ಬಹುಶಃ ವಾಟ್ಸಾಪ್‌ನಲ್ಲಿ ಸುತ್ತುವ ಕಥೆ. ಹಾಗೇ ಬರೆಸಬೇಡಿ. ಲಂಡನ್‌ನ ದೊಡ್ಡ ಪ್ಲೇಗ್ 1665ರದ್ದು. ಇಂಗ್ಲೆಂಡಿನಲ್ಲಿ ಈ ಹಾಡು ಮಕ್ಕಳ ಪುಸ್ತಕಗಳ ಚಿತ್ರಗಾರ್ತಿ ಕೇಟ್ ಗ್ರೀನವೇ ಅವರ ಪುಸ್ತಕದಲ್ಲಿ ಅಚ್ಚಾದದ್ದು 1881ರಲ್ಲಿ. ಪ್ಲೇಗ್ ಅರ್ಥವಂತೂ ಎರಡನೇ ಮಹಾಯುದ್ಧದ ನಂತರ ಹಬ್ಬಿದ್ದು. ಈಗಿನ ಇಂಗ್ಲಿಷ್ ಹಾಡಿನಲ್ಲಿ ಬರುವ ‘ಅಟಿಶೂ’ ಅಂದರೆ ಸೀನು, ಸೀನಿದವರು ಸತ್ತು ಬೀಳುತ್ತಿದ್ದರು ಅನ್ನುವುದು ಅದರ ವಾದ. ಆದರೆ 1881ರ ಪುಸ್ತಕದಲ್ಲಿ ಸೀನೇ ಇಲ್ಲ, ‘ಹಶ್ ಹಶ್’ ಇದೆ. ನಮ್ಮ ಮಕ್ಕಳ ‘ಹುಶಾ ಬುಶಾ’ ಅದಕ್ಕೇ ಹತ್ತಿರ, ಅಲ್ವಾ! ನಿಜವಾದ ಅರ್ಥ ಏನು ಅಂತ ಜಾನಪದ ತಜ್ಞರೂ ಖಚಿತವಾಗಿ ಹೇಳುವುದಿಲ್ಲ. ‘ಪ್ಲೇಗ್ ಕಥೆ ಜನಪ್ರಿಯ, ಆಧಾರ ಇಲ್ಲ’ ಅಂತ ಒಂದು ಸಾಲು ಸಾಕು.

ಇನ್ನು ನೀವು ಕೇಳಿದ ಗಾದೆ, ‘ಗಾಳಿ ಬಂದಾಗ ತೂರಿಕೋ’. ಸಂದಿಯಲ್ಲಿ ನುಗ್ಗುವುದು ಅಂತ ಮಗಳು ಬರೆದಿದ್ದಾಳೆ ಅಂದಿರಿ. ಬೈಯಬೇಡಿ, ‘ತೂರು’ ಪದಕ್ಕೆ ಆ ಅರ್ಥವೂ ಇದೆ. ಆದರೆ ಗಾದೆಯಲ್ಲಿರುವುದು ಕಣದ ತೂರುವಿಕೆ, ಅಂದರೆ ಗಾಳಿಗೆ ಸುರಿಸಿ ಕಾಳಿನಿಂದ ಜೊಳ್ಳು ಬೇರೆ ಮಾಡುವುದು. ಈಗ ಮಷಿನ್ ಕೊಯ್ಲು, ಮಕ್ಕಳು ಕಣ ನೋಡಿರುವುದೇ ಕಡಿಮೆ.

ಮಗಳಿಗೆ ತೂರಿಯೇ ತೋರಿಸಿ. ದಾವಣಗೆರೆಯಲ್ಲಿದ್ದೀರಿ, ಭತ್ತಕ್ಕೇನು ಬರ? ಜೊಳ್ಳು ಬೆರೆತ ಒಂದು ಸೇರು ಭತ್ತ ತನ್ನಿ. ಮೊದಲು ಗಾಳಿ ಇಲ್ಲದ ಕೋಣೆಯಲ್ಲಿ ಮೊರದಿಂದ ಸುರಿಸಿ. ಜೊಳ್ಳು, ಕಾಳು ಎರಡೂ ಒಂದೇ ಕಡೆ ಬೀಳುತ್ತವೆ. ಆಮೇಲೆ ಮಾಳಿಗೆ ಹತ್ತಿ, ಗಾಳಿ ಪಕ್ಕದಿಂದ ಬೀಸುವ ಹಾಗೆ ನಿಂತು ಎದೆಮಟ್ಟದಿಂದ ನಿಧಾನವಾಗಿ ಸುರಿಸಿ. ಎದುರುಗಾಳಿಗೆ ನಿಂತರೆ ಜೊಳ್ಳೆಲ್ಲ ಕಣ್ಣಿಗೇ. ಗಾಳಿ ಸಾಲದಿದ್ದರೆ ಟೇಬಲ್ ಫ್ಯಾನ್ ಇಡಿ. ಎರಡು ರಾಶಿಗಳ ಫೋಟೊ ಅಂಟಿಸಿ, ಕೆಳಗೆ ಗಾದೆ ಬರೆಸಿ.