ಧಾರವಾಡದಾಗ ಕೂತು ಕನ್ನಡದಾಗ ಬರಿಯೋರಿಗೆ ಅಯೋವಾ ಸಿಗತೈತೇನು?

ನಾ ಕನ್ನಡದಾಗ ಅಷ್ಟ ಕಥಿ ಬರೀತೀನಿ, ಅಮೆರಿಕದ ಅಯೋವಾ ಯೂನಿವರ್ಸಿಟಿ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂಗೆ ಫಾರ್ಮ್ ಎಲ್ಲಿ ಸಿಗತೈತಿ ಅಂತ ಕೇಳೀರಿ. ನಮ್ಮ ಕೆಯುಡಿ (ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ) ಅಡ್ಮಿಶನ್ ಹಂಗ ಫಾರ್ಮ್ ತುಂಬಿ ಹೋಗೋದಲ್ರಿ ಅದು, ಬಹಳಷ್ಟು ಮಂದಿ ಹೋಗಿದ್ದು ಆಯಾ ದೇಶದ ಅಮೆರಿಕನ್ ಎಂಬೆಸಿ, ಕಾನ್ಸುಲೇಟ್‌ನವರು ಹೆಸರು ಕಳಿಸಿದ್ಮ್ಯಾಲೆ.

1967ರಾಗ ಪಾಲ್ ಎಂಗಲ್, ಹ್ವಾಲಿಂಗ್ ನೀಯೆ ಅನ್ನೋ ಇಬ್ಬರು ಲೇಖಕರು ಶುರು ಮಾಡಿದ್ದು. ಕ್ಲಾಸಿಲ್ಲ, ಪರೀಕ್ಷಾ ಇಲ್ಲ, ಡಿಗ್ರಿ ಅಂತೂ ಇಲ್ಲವೇ ಇಲ್ಲ. ಬ್ಯಾರೆ ಬ್ಯಾರೆ ದೇಶದ ಲೇಖಕರನ್ನ ಕರದು ಎರಡು-ಮೂರು ತಿಂಗಳು ಇಟ್ಕೋತಾರ, ರೂಮಿನ್ಯಾಗ ಕೂತು ನಿಮ್ಮದ ನೀವು ಬರೀರಿ, ನಡುನಡುವ ಪಬ್ಲಿಕ್ ಲೈಬ್ರರಿಯೊಳಗ ಚರ್ಚಾ, ಪ್ರೇರಿ ಲೈಟ್ಸ್ ಅನ್ನೋ ಪುಸ್ತಕದಂಗಡಿಯೊಳಗ ಓದೋದು, ಅಷ್ಟ. ಓರ್ಹಾನ್ ಪಾಮುಕ್, ಹಾನ್ ಕಾಂಗ್ ಇಬ್ಬರೂ ನೊಬೆಲ್ ಬರೋಕಿಂತ ಎಷ್ಟೋ ವರ್ಷ ಮೊದಲ ಅಲ್ಲಿದ್ದು ಬಂದವ್ರು. ನಮ್ಮವ್ರೊಳಗ ವಿವೇಕ ಶಾನಭಾಗ 2016ರಾಗ ಹೋಗಿದ್ರು, ಅಷ್ಟೊತ್ತಿಗೆ ಅವರ ಕಾದಂಬರಿ ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದು ಆಗಿತ್ತು. ಇದನ್ನ ಮಾತ್ರ ಮರೀಬ್ಯಾಡ್ರಿ, ನಿಮ್ಮ ಕನ್ನಡ ಎಷ್ಟ ಚೊಲೊ ಇದ್ರೂ ಆರಿಸೋರು ಓದೋದು ನಿಮ್ಮ ಬರಹದ ಇಂಗ್ಲಿಷ್ ಸ್ಯಾಂಪಲ್, ಮ್ಯಾಲೆ ನಿಮಗೂ ಮಾತಾಡೋವಷ್ಟು ಇಂಗ್ಲಿಷ್ ಬರಬೇಕು.

ಈಗ ಇನ್ನೊಂದು ತ್ರಾಸ. 2025ರಾಗ ಅಮೆರಿಕದ ಸ್ಟೇಟ್ ಡಿಪಾರ್ಟ್‌ಮೆಂಟ್ ಆ ಪ್ರೋಗ್ರಾಂಗೆ ಕೊಡೋ ರೊಕ್ಕ ನಿಲ್ಲಿಸ್ತು, ಹುಡುಗರ ಬೇಸಿಗಿ ಶಿಬಿರ ಬಂದಾದ್ವು, ಲೇಖಕರ ಸಂಖ್ಯಾನೂ ಕಡಿಮಿ ಆತು. ಹಿಂಗಾಗಿ ಅದೊಂದನ್ನ ನಂಬಿ ಕೂಡಬ್ಯಾಡ್ರಿ. ನೀವು ರಿಸರ್ಚ್ ಕಡಿಯವ್ರಾಗಿದ್ರ ಇಲ್ಲೇ ಧಾರವಾಡದ ಪಾವಟೆ ಫೌಂಡೇಶನ್ ವಿಚಾರಿಸ್ರಿ, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದ ಡಿ.ಸಿ. ಪಾವಟೆಯವರ ಹೆಸರಿನ್ಯಾಗ ನಮ್ಮ ರಾಜ್ಯದವರನ್ನ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಕಳಸ್ತಾರ (ಅವರು ಓದಿದ್ದೂ ಅಲ್ಲೇ). ಕಥಿ ಬರಿಯೋರಿಗೆ ಅದು ಹೊಂದಂಗಿಲ್ಲ ಬಿಡ್ರಿ.

ನನ್ನ ಕೇಳಿದ್ರ ಈ ವರ್ಷ ಅನುವಾದ ಮಾಡೋರನ್ನ ಹುಡುಕ್ರಿ. ಇಲ್ಲೇ ಧಾರವಾಡದ ಮನೋಹರ ಗ್ರಂಥಮಾಲಾ ಅನ್ನೋ ಪ್ರಕಾಶನದ ಅಟ್ಟಕ್ಕ ಹೋಗಿ ಕೂತ್ರ ಯಾರಾದ್ರೂ ಒಬ್ಬರ ಹೆಸರು ಹೇಳ್ತಾರ. ದೊಡ್ಡ ಕಾದಂಬರಿ ಹೊರಿಸಬ್ಯಾಡ್ರಿ, ಎರಡು ಸಣ್ಣ ಕಥಿ ಕೊಡ್ರಿ, ಮತ್ತ ರೊಕ್ಕ ಎಷ್ಟು ಅನ್ನೋದು ಮೊದಲ ಮಾತಾಡಿ ಮುಗಿಸ್ರಿ, ಸಾಹಿತ್ಯ ಪ್ರೇಮದ ಮ್ಯಾಲೆ ಪುಗಸಟ್ಟೆ ಮಾಡಸಬ್ಯಾಡ್ರಿ.